ಬೊಮ್ಮಮ್ಮನ ಒಣ ನಾಲಿಗೆ

“ಇನ್ನೂ ಸ್ವಲ್ಪ ಚಾಚಿ ಅಮ್ಮ. ನಾಚಿಕೆ ಮಾಡ್ಕೋಬೇಡಿ” ಎಂದಳು ಡಾಕ್ಟರ್ ಗೀತಾಂಜಲಿ.

ಬಾಗಿಲಲ್ಲಿ ಸಾಲು ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನಾಚಿಕೆಯಂತೆ, ಅದೂ ಬೊಮ್ಮಮ್ಮನಿಗೆ! ಹೊಸಹಳ್ಳಿಯಲ್ಲಿ ಆ ನಾಲಿಗೆಯಿಂದ ತಪ್ಪಿಸಿಕೊಂಡವರು ಯಾರಿದ್ದಾರೆ? ತೂಕದಲ್ಲಿ ಕೈ ಆಡಿಸಿದ ರೇಷನ್ ಅಂಗಡಿಯವನು, ನಲ್ಲಿ ಬಿಡಲು ಮರೆತ ನೀರಗಂಟಿ, ವೋಟು ಕೇಳಿ ಹೋದ ಮೇಲೆ ಮತ್ತೆ ಮುಖ ತೋರಿಸದ ಮೆಂಬರು, ಎಲ್ಲರೂ ಅದರ ರುಚಿ ನೋಡಿದವರೇ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುವ ಗಾದೆಯನ್ನು ಅವಳನ್ನು ನೋಡಿಯೇ ಕಟ್ಟಿರಬೇಕು ಎಂದು ಊರವರು ಆಡಿಕೊಳ್ಳುತ್ತಿದ್ದರು. ಅಂಥ ನಾಲಿಗೆ ಈಗ ಸಮುದಾಯ ಭವನದ ಒಳಕೋಣೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಹೊರಗೆ ಚಾಚಿಕೊಂಡು ಸುಮ್ಮನಿತ್ತು.

ಯಂತ್ರ ಅಂದರೆ ದೊಡ್ಡದೇನಲ್ಲ. ಹಲ್ಲುಜ್ಜುವ ಬ್ರಷ್ಷಿಗಿಂತ ತುಸು ದಪ್ಪ, ತುದಿಯಲ್ಲಿ ಕಡಲೆಬೇಳೆಯಷ್ಟು ಅಗಲದ ಚೌಕ, ಅದರ ಮೇಲೊಂದು ತೆಳು ಪ್ಲಾಸ್ಟಿಕ್ ಹೊದಿಕೆ. ನಾಲಿಗೆಯ ಮೇಲೆ ಒತ್ತಿ ಹಿಡಿದರೆ ಕುಂಯ್ ಅನ್ನುತ್ತದೆ, ಬಾಯಲ್ಲಿ ಎಷ್ಟು ಪಸೆಯಿದೆ ಎಂದು ಅಂಕಿ ತೋರಿಸುತ್ತದೆ. ಮೂವತ್ತು ದಾಟಿದರೆ ಹಸಿ ಬಾಯಿ, ಇಪ್ಪತ್ತೇಳಕ್ಕಿಂತ ಇಳಿದರೆ ಒಣ ಬಾಯಿ. ಕುಂಯ್ ಎಂದಿತು. ಗೀತಾಂಜಲಿ ಅಂಕಿ ನೋಡಿದಳು, ಆಮೇಲೆ ಬೊಮ್ಮಮ್ಮನ ಮುಖ ನೋಡಿದಳು.

“ಎಷ್ಟೈತ್ರಿ?” ನಾಲಿಗೆ ಒಳಗೆ ಎಳೆದುಕೊಂಡ ಬೊಮ್ಮಮ್ಮ ಕೇಳಿದಳು.

“ಇಪ್ಪತ್ತೊಂದು.”

“ಅಂದ್ರ ಒಣಗೈತಿ ಅಂತ ಆತಲ್ಲ. ಬರದು ಕೊಡ್ರಿ ಮತ್ತ.”

“ಈಗಲೇ ಹೆಂಗೆ ಬರೆದು ಕೊಡ್ಲಿ ಅಮ್ಮ? ಅರ್ಧ ತಾಸು ಬಿಟ್ಟು ಡಾಕ್ಟರ್ ಮೌನೇಶ್ ಇನ್ನೊಂದು ಸಲ ನೋಡ್ತಾರೆ. ಇಬ್ಬರು ನೋಡಿದ್ರೂ ಒಂದೇ ಬಂದ್ರೆ ಯಂತ್ರನ ನಂಬಬಹುದು. ಬೆಳಿಗ್ಗೇನೇ ಹೇಳಿದ್ನಲ್ಲ, ಇವತ್ತು ಪರೀಕ್ಷೆ ನಿಮಗಲ್ಲ, ಈ ಯಂತ್ರಕ್ಕೆ ಅಂತ. ಅಲ್ಲೀತನಕ ನೀರು, ಎಲೆ ಅಡಿಕೆ, ಏನೂ ಬಾಯಿಗೆ ಹಾಕ್ಬೇಡಿ.”

ಬೆಳಿಗ್ಗೆ ಹೇಳಿದ್ದೇನೋ ನಿಜ. ಆದರೆ ಡಾಕ್ಟರುಗಳು ಊರಿಗೆ ಬಂದು ನಿಮಗೇನೂ ಆಗಿಲ್ಲ ಎಂದು ಸಮಾಧಾನ ಹೇಳುವುದು ರೂಢಿಯಲ್ಲವೇ, ಇದೂ ಅಂಥದೇ ಮಾತು ಎಂದು ಹೆಂಗಸರೆಲ್ಲ ತಿಳಿದಿದ್ದರು. ಬೊಮ್ಮಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಅವಳಿಗೆ ಬೇಕಾಗಿದ್ದುದು ಸಮಾಧಾನ ಅಲ್ಲ. ಬಾಯಿ ಒಣಗಿದೆ ಎಂದು ಓದಿದವರು ಒಬ್ಬರು ಹೇಳಬೇಕಿತ್ತು.

ಎರಡು ವರ್ಷದಿಂದ ಅವಳ ಬಾಯಲ್ಲಿ ಪಸೆಯೇ ಇಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟರೆ ತುತ್ತಿಗೊಂದು ಗುಟುಕು ನೀರು ಬೇಕು. ಮಂಡಕ್ಕಿಯನ್ನಂತೂ ಬಿಟ್ಟೇಬಿಟ್ಟಿದ್ದಳು. ತೋರಿಸಿದಲ್ಲೆಲ್ಲ ಉಷ್ಣ ಎಂದು ಹೇಳಿ ಶಕ್ತಿಗುಳಿಗೆ ಕೊಟ್ಟು ಕಳಿಸಿದರು. ಗಂಡ ಹುಲುಗಣ್ಣನಿಗೆ ಅದೊಂದು ತಮಾಷೆಯಾಗಿತ್ತು. “ಲೇ ಬೊಮ್ಮಿ, ನಿನ್ನ ಬಾಯಿ ಖರೇನ ಒಣಗಿದ್ರ ಊರಿಗೆ ಒಂದೀಟು ನೆಮ್ಮದಿ ಇರ್ತಿತ್ತಲ್ಲ” ಎನ್ನುತ್ತಿದ್ದ. ಅವಳೂ ನಕ್ಕು ಸುಮ್ಮನಾಗುತ್ತಿದ್ದಳು. ಆ ನಗು ನಿಂತಿದ್ದು ಮಗಳ ಕುಬಸದ ದಿನ.

ಒಬ್ಬಳೇ ಮಗಳು ಶಾಂತಕುಮಾರಿಯನ್ನು ಹಡಗಲಿಗೆ ಕೊಟ್ಟಿದ್ದರು. ಏಳು ತಿಂಗಳು ತುಂಬಿದಾಗ ಗಂಡನ ಮನೆಯಲ್ಲಿ ಸೀಮಂತದ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಬರುವುದು ಎರಡೂ ಕಡೆಯವರು ಒಪ್ಪಿದ ಮಾತು. ಆರತಿ ಆಯಿತು, ಉಡಿ ತುಂಬಿದ್ದಾಯಿತು. ಬೀಗತಿ ಮೈಲವ್ವ ತಾನೇ ಕೈಯಾರೆ ಮಾಡಿದ ಕರ್ಚಿಕಾಯಿ ಮುರಿದು ಬೊಮ್ಮಮ್ಮನ ಬಾಯಿಗೆ ತುರುಕಿದಳು. ಒಳಗಿನ ಪುಟಾಣಿ ಹಿಟ್ಟು, ಒಣಕೊಬ್ಬರಿ ಪುಡಿ ನಾಲಿಗೆಗೂ ಅಂಗುಳಕ್ಕೂ ಗಾರೆಯ ಹಾಗೆ ಮೆತ್ತಿಕೊಂಡವು. ಉಸಿರು ಕಟ್ಟಿತು. ಕಣ್ಣಲ್ಲಿ ನೀರಾದರೂ ಬರಬೇಕಲ್ಲ, ಅದೂ ಬರಲಿಲ್ಲ. ತುಂಬಿದ ಪಡಸಾಲೆಯಲ್ಲಿ ಬೊಮ್ಮಮ್ಮ ಬೆರಳು ಹಾಕಿ ಬಾಯೊಳಗಿನದನ್ನೆಲ್ಲ ಅಂಗೈಗೆ ತೆಗೆದಳು.

“ನಮ್ಮನಿ ಸಿಹಿ ಉಗುಳಿದ್ಲು ನೋಡ್ರಿ” ಎಂದಳು ಮೈಲವ್ವ, ಸುತ್ತ ಕುಳಿತವರಿಗೆಲ್ಲ ಕೇಳುವ ಹಾಗೆ.

ಬಾಯಿ ಒಣಗಿತ್ತು ಎಂದು ಬೊಮ್ಮಮ್ಮ ಹೇಳಿದಳು. ಯಾರು ನಂಬುತ್ತಾರೆ? ಬಂದಾಗಿನಿಂದ ಎಡೆಬಿಡದೆ ಮಾತಾಡುತ್ತಿದ್ದವಳು ಅವಳೇ. ನಂಬದಿದ್ದರೆ ಬಿಡಿ, ಕರ್ಚಿಕಾಯಿಗೆ ತುಪ್ಪ ಹಾಕಲು ಮನಸ್ಸು ಬಂದಿಲ್ಲ ಅಂದರೆ ಗಂಟಲಿಗೆ ಹೇಗೆ ಇಳಿದೀತು ಎಂದು ಮೇಲೊಂದು ಮಾತು ಸೇರಿಸಿಬಿಟ್ಟಳು. ಅಲ್ಲಿಗೆ ಮುಗಿಯಿತು. ಸೊಸೆಯನ್ನು ಕಳಿಸುವುದಿಲ್ಲ, ಬಾಣಂತನ ಇಲ್ಲೇ, ತವರಿನ ಹೆಸರು ಎತ್ತಬೇಡಿ ಎಂದಳು ಮೈಲವ್ವ. ಶಾಂತಕುಮಾರಿ ಈಗ ಫೋನಿನಲ್ಲಿ ಅಳುತ್ತಾಳೆ. ಅಳಿಯ ಗಾದಿಲಿಂಗ ಕೆಟ್ಟವನಲ್ಲ, ಆದರೆ ಅವ್ವನ ಮುಂದೆ ಮೆತ್ತಗೆ. “ಡಾಕ್ಟರು ಹೌದು ಅಂತ ಹೇಳಿದ್ರ ನಾನು ಅವ್ವಗ ಹೇಳಿ ಒಪ್ಪಸ್ತೀನಿ ಅತ್ತಿ” ಎಂದಿದ್ದ. ಎಂಟನೇ ತಿಂಗಳು ಮುಗಿಯಲು ಬಂದಿತ್ತು. ಅಂಥ ಹೊತ್ತಿಗೆ ಬಾಯಿಯ ಪಸೆ ಅಳೆಯುವ ಯಂತ್ರ ಊರಿಗೇ ಬಂದರೆ ಬೊಮ್ಮಮ್ಮ ಬಂದು ಕೂರದೆ ಇರುತ್ತಾಳೆಯೇ?

ಹೊರಗೆ ಭವನದ ಜಗಲಿಯಲ್ಲಿ ಬೇರೆಯೇ ಕಳೆ ಬಂದಿತ್ತು. ಹುಣಸೆಯ ಸುಗ್ಗಿ. ಊರ ಹೆಂಗಸರಿಗೆ ಸಾಹುಕಾರರ ಹಣ್ಣು ಬಿಡಿಸಿ ಕೊಡುವ ಕೆಲಸ, ಮೂಟೆಗಳೆಲ್ಲ ಆ ಜಗಲಿಯಲ್ಲೇ ಬಿದ್ದಿದ್ದವು. ಮೊದಲ ಸರದಿ ಮುಗಿಸಿ ಬಂದವರು ಅರ್ಧ ತಾಸು ಸುಮ್ಮನೆ ಕೂರುವುದು ಹೇಗೆ? ಪಕ್ಕದ ಮನೆಯ ಚೌಡಕ್ಕ ಮೊದಲು ಒಂದು ಮೂಟೆ ಬಿಚ್ಚಿದಳು. “ನೀರು ಕುಡೀಬ್ಯಾಡ್ರಿ ಅಂದಾರ, ಕೈ ಕಟ್ಟಿಕೊಂಡು ಕುಂದರ್ರಿ ಅಂದಿಲ್ಲಲ್ಲ” ಎಂದಳು. ಐದು ನಿಮಿಷಕ್ಕೆ ಎಲ್ಲರ ಮುಂದೆಯೂ ಒಂದೊಂದು ರಾಶಿ. ಸಿಪ್ಪೆ ಬಡಿಯುವ ಸದ್ದು, ನಾರು ಎಳೆಯುವ ಕೈಗಳು, ಬಿಸಿಲಿಗೆ ಮೆತ್ತಗಾದ ಹೊಸ ಹಣ್ಣಿನ ಹುಳಿ ವಾಸನೆ. ಬಾಯಿಗೆ ಮಾತ್ರ ಯಾರೂ ಏನೂ ಹಾಕಲಿಲ್ಲ. ಮಾತು ಕೊಟ್ಟ ಮೇಲೆ ಮಾತೇ.

ಬೊಮ್ಮಮ್ಮನೂ ಒಂದು ಮೊರ ಎಳೆದುಕೊಂಡು ಕುಳಿತಳು. ಬೀಜ ತೆಗೆಯುತ್ತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎರಡನೇ ಸಲವೂ ಇಪ್ಪತ್ತೊಂದು ಬಂದರೆ ಡಾಕ್ಟರಮ್ಮನಿಂದಲೇ ಅಳಿಯನಿಗೆ ಫೋನು ಮಾಡಿಸುವುದು. ನಾಳೆ ಮಗಳನ್ನು ಕರೆತರುವುದು. ಆ ಮೈಲವ್ವನಿಗೆ ಎದುರು ನಿಂತು ಏನು ಅನ್ನಬೇಕು ಎನ್ನುವುದನ್ನೂ ಜೋಡಿಸಿಕೊಂಡಳು.

ಎರಡನೇ ಸರದಿ ಶುರುವಾದ ಸ್ವಲ್ಪ ಹೊತ್ತಿಗೇ ಒಳಗೆ ಗಲಾಟೆ. ಡಾಕ್ಟರ್ ಮೌನೇಶ್ ಮೆತ್ತಗಿನ ಮನುಷ್ಯ, ಆದರೂ ಅವನ ದನಿ ಏರಿತ್ತು. ಮೊದಲ ಸಲ ಇಪ್ಪತ್ತೆಂಟು ಇದ್ದದ್ದು ಈಗ ಮೂವತ್ತನಾಲ್ಕು, ಮೂವತ್ತು ಇದ್ದದ್ದು ಮೂವತ್ತಾರು. ಒಬ್ಬರದಲ್ಲ, ಎಲ್ಲರದೂ ಹಾಗೇ. ಗೀತಾಂಜಲಿ ಹೊದಿಕೆ ಬದಲಿಸಿ, ಯಂತ್ರ ಆರಿಸಿ ಹಚ್ಚಿ, ತಾನೇ ಒತ್ತಿ ನೋಡಿದಳು. ಅದೇ ಕಥೆ.

“ಯಾರ್ಯಾರು ನೀರು ಕುಡಿದ್ರಿ? ಬೈಯಲ್ಲ, ನಿಜ ಹೇಳಿ” ಎಂದಳು.

“ನನ್ನ ಮಕ್ಕಳಾಣಿರಿ, ಒಂದು ಹನಿ ಮುಟ್ಟಿಲ್ಲ” ಎಂದಳು ಚೌಡಕ್ಕ. “ನಿಮ್ಮ ಮಿಷನ್ನಿಗೇ ನೀರು ಹೊಕ್ಕೈತೇನ ನೋಡ್ರಿ.”

ಬೊಮ್ಮಮ್ಮನ ಸರದಿ ಬಂತು. ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ ನಾಲಿಗೆ ಚಾಚಿದಳು. ತನ್ನದೂ ಏರಿಬಿಟ್ಟರೆ? ಅಷ್ಟು ಜನರ ನಡುವೆ ಮತ್ತೊಮ್ಮೆ ಸುಳ್ಳಿ ಅನ್ನಿಸಿಕೊಳ್ಳಬೇಕೇ? ಯಂತ್ರ ಕುಂಯ್ ಎಂದಿತು. ಇಪ್ಪತ್ತೊಂದು. ಮೌನೇಶ್ ಗೀತಾಂಜಲಿಯ ಕಡೆ ನೋಡಿದ. ಅವಳು ಇನ್ನೊಮ್ಮೆ ಒತ್ತಿದಳು. ಇಪ್ಪತ್ತೊಂದೇ.

ಗೀತಾಂಜಲಿ ಜಗಲಿಗೆ ಬಂದಳು. ಅಲ್ಲಿ ಹುಣಸೆಹಣ್ಣಿನ ರಾಶಿಗಳ ನಡುವೆ ಒಂದು ಗಳಿಗೆ ನಿಂತಳು. ನಿಂತಲ್ಲೇ ಅವಳ ಕೆನ್ನೆಯೊಳಗೆ ಚುಳ್ ಎಂದು ನೀರೂರಿತು. ನುಂಗಿದಳು, ಮತ್ತೆ ಊರಿತು. ಹಣೆಗೆ ಕೈ ಹಚ್ಚಿಕೊಂಡು ಗೋಡೆಗೆ ಒರಗಿ ನಗಲು ಶುರುಮಾಡಿದಳು. ಅವಳೇನು ಹುಣಸೆ ಕಾಣದವಳಲ್ಲ, ಹರಪನಹಳ್ಳಿ ಕಡೆಯ ಬಾಗಳಿಯಲ್ಲಿ ಹುಟ್ಟಿ ಬೆಳೆದವಳು. “ಅಯ್ಯೋ ನನ್ನ ಕರ್ಮವೇ, ನಾನಾದ್ರೂ ಹೊರಗೆ ಬಂದು ನೋಡಬಾರದಿತ್ತೇ” ಎಂದಳು. ಹೆಂಗಸರು ತಮ್ಮ ಕೈಗಳನ್ನೂ ಮೊರಗಳನ್ನೂ ನೋಡಿಕೊಂಡರು. ಅರ್ಥವಾದ ಮೇಲೆ ಜಗಲಿ ತುಂಬ ನಗೆಯೋ ನಗೆ. ಚೌಡಕ್ಕ ಮಾತ್ರ ಕೈ ಕೆಲಸ ಬಿಡಲಿಲ್ಲ.

ನಗದೆ ನಿಂತವಳು ಬೊಮ್ಮಮ್ಮ ಒಬ್ಬಳೇ. ಅಷ್ಟು ಹೊತ್ತು ಅದೇ ಹಣ್ಣಿನ ಮುಂದೆ ಕುಳಿತಿದ್ದಳು. ಅವಳ ಬಾಯಲ್ಲಿ ಏನೂ ಊರಿರಲಿಲ್ಲ.

ನಗು ಮುಗಿದ ಮೇಲೆ ಗೀತಾಂಜಲಿ ಮೌನೇಶ್‌ಗೆ, ಇವತ್ತಿನದು ಎಲ್ಲ ಕೈಬಿಡೋಣ, ಮುಂದಿನ ವಾರ ಕೊಟ್ಟೂರಿನಲ್ಲಿ ಮೊದಲಿನಿಂದ ಮಾಡೋಣ ಎಂದಳು.

“ನಂದೂನಾ?” ಬೊಮ್ಮಮ್ಮ ಅಡ್ಡ ನಿಂತಳು.

“ಎಲ್ಲಾ ಅಮ್ಮ. ದಿನಾನೇ ಕೆಟ್ಟೋಯ್ತಲ್ಲ.”

“ಅವರ್ದು ಕೆಟ್ಟೈತಿ, ಅವರ್ದು ಬಿಡ್ರಿ. ನಂದು ಕೆಟ್ಟಿಲ್ಲ. ಮೂರು ಸಲಾನೂ ಒಂದ ಬಂದೈತಿ. ನನ್ನ ಬಾಯಿ ಒಣಗೈತಿ ಅಂತ ನನ್ನ ಅಳಿಯಗ ಒಂದು ಮಾತು ಫೋನಿನಾಗ ಹೇಳ್ರಿ. ನಾನು ಇಲ್ಲಿಂದ ಏಳಂಗಿಲ್ಲ.” ಹೇಳಿದಂತೆಯೇ ಹೊಸ್ತಿಲ ಮೇಲೆ ಕುಳಿತೂ ಬಿಟ್ಟಳು.

ಗೀತಾಂಜಲಿ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. ಮಗಳ ವಿಷಯ, ಕರ್ಚಿಕಾಯಿ ವಿಷಯ ಎಲ್ಲ ಕೇಳಿದಳು. ಕಣ್ಣು ಉರಿಯುತ್ತಾ ಎಂದಳು. ಮಣ್ಣು ಬಿದ್ದ ಹಾಗೆ ಆಗುತ್ತದೆ ಎಂದಳು ಬೊಮ್ಮಮ್ಮ. ಕೀಲು ನೋವು? ಅದೂ ಇತ್ತು.

“ನೀವು ಹೇಳೋದನ್ನ ನಾನು ನಂಬ್ತೀನಿ ಅಮ್ಮ. ಇದೆಲ್ಲ ಒಂದೇ ಕಾಯಿಲೆ ಇರಬಹುದು. ಬುಧವಾರ ನಮ್ಮ ಕಾಲೇಜಿನ ಆಸ್ಪತ್ರೆಗೆ ಬನ್ನಿ, ರಕ್ತ ಪರೀಕ್ಷೆ ಮಾಡ್ಸೋಣ, ಔಷಧ ಇದೆ. ಆದ್ರೆ ಈ ಯಂತ್ರ ಹೇಳ್ತು ಅಂತ ಮಾತ್ರ ನಾನು ಯಾರಿಗೂ ಹೇಳೋ ಹಾಗಿಲ್ಲ. ಇದು ನಿಜ ಹೇಳುತ್ತೋ ಸುಳ್ಳು ಹೇಳುತ್ತೋ ಅಂತ ಇನ್ನೂ ಗೊತ್ತಾಗಿಲ್ಲ. ಅದನ್ನ ತಿಳ್ಕೊಳೋಕೇ ನಿಮ್ಮಂಥವರ ಬಾಯಿ ಬೇಕು ನಮಗೆ.”

ಬೊಮ್ಮಮ್ಮ ಆ ಮಾತನ್ನು ಒಂದು ಸಲ ಮನಸ್ಸಿನಲ್ಲಿ ಹೊರಳಿಸಿದಳು. “ಅಂದ್ರ ಇದು ನನಗ ಸಾಕ್ಷಿ ಅಲ್ಲ. ನಾನ ಇದಕ್ಕ ಸಾಕ್ಷಿ.”

“ಹೌದಮ್ಮ. ಹಂಗೇ ಅನ್ಕೊಳಿ.”

“ನನ್ನ ಬಾಯಿ ಒಣಗೈತಿ ಅನ್ನೋದು ಮೊದಲು ಖರೆ. ಆಮ್ಯಾಲೆ ನಿಮ್ಮ ಮಿಷನ್ನು.”

“ಹೌದು.”

ಬೊಮ್ಮಮ್ಮನ ಹೊಟ್ಟೆಯಲ್ಲಿ ಎಷ್ಟೋ ದಿನದಿಂದ ಕುಳಿತಿದ್ದ ಸಿಟ್ಟು ಆಗ ಎದ್ದು ನಿಂತಿತು. ಡಾಕ್ಟರಮ್ಮನ ಮೇಲಲ್ಲ, ಮೈಲವ್ವನ ಮೇಲೂ ಅಲ್ಲ. ತನ್ನ ಬಾಯಿಯ ಸುದ್ದಿಗೆ ಊರೂರು ಸಾಕ್ಷಿ ಹುಡುಕುತ್ತ, ಬ್ರಷ್ಷಿನಂಥ ಒಂದು ಕಡ್ಡಿಯ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಕಳ್ಳರೇ ಸಾಕ್ಷಿ ಹುಡುಕಬೇಕು, ನಾನೇನು ಕದ್ದಿದ್ದೇನೆ ಎಂದುಕೊಂಡಳು. ಬುಧವಾರ ಬರುತ್ತೇನೆ ಎಂದು ಡಾಕ್ಟರಮ್ಮನಿಗೆ ಹೇಳಿ, ಮನೆಗೆ ಹೋಗಿ ಹುಲುಗಣ್ಣನ ಎದುರು ನಿಂತಳು.

“ಅಂಗಿ ಹಾಕ್ಕೊ. ಹಡಗಲಿಗಿ ಹೋಗೂಣು.”

“ಡಾಕ್ಟರು ಏನಂದ್ರು?”

“ಹಾದ್ಯಾಗ ಹೇಳ್ತೀನಿ.”

ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಮ್ಮೆ ಬದಲಿಸಿದರು. ಆಧಾರ್ ಕಾರ್ಡು ತೋರಿಸಿದ ಬೊಮ್ಮಮ್ಮನಿಗೆ ಬಿಟ್ಟಿ ಟಿಕೆಟ್ಟು, ಹುಲುಗಣ್ಣ ಗೊಣಗುತ್ತ ತನ್ನದಕ್ಕೆ ಕೊಟ್ಟ. ಹಗರಿಬೊಮ್ಮನಹಳ್ಳಿ ಬಿಟ್ಟ ಮೇಲೆ ಅವಳು ನೀರು ಮುಟ್ಟಲಿಲ್ಲ. ಒಂದು ಗುಟುಕು ಕುಡಿ ಎಂದು ಹುಲುಗಣ್ಣ ಬಾಟಲಿ ಚಾಚಿದರೆ ಕೈಯಿಂದ ದೂರ ಸರಿಸಿದಳು. ಬಿಸಿಗಾಳಿ ಕಿಟಕಿಯಿಂದ ನೇರ ಮುಖಕ್ಕೆ ಹೊಡೆಯುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ನಾಲಿಗೆ ಅಂಗುಳಕ್ಕೆ ಅಂಟಿ, ಬಿಡಿಸಿದರೆ ಚಟ್ ಎನ್ನತೊಡಗಿತು. ಏನೋ ಕೇಳಿದ ಗಂಡನಿಗೆ ತಲೆಯಾಡಿಸಿ ಉತ್ತರ ಕೊಟ್ಟಳು. ಮೂವತ್ತು ವರ್ಷ ಸಂಸಾರ ಮಾಡಿದ ಹುಲುಗಣ್ಣ ತನ್ನ ಹೆಂಡತಿ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನೋಡಿರಲಿಲ್ಲ. ಅವನು ಅವಳ ತುಟಿಗಳನ್ನು ನೋಡಿದ. ಬಿಳಿಚಿಕೊಂಡು ಬಿರಿದಿದ್ದವು. ಆಮೇಲೆ ಹಡಗಲಿ ಬರುವ ತನಕ ಅವನು ತಮಾಷೆ ಮಾಡಲಿಲ್ಲ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮೈಲವ್ವನ ಮನೆ ಮುಟ್ಟಿದರು. ಮೈಲವ್ವ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಬಂದ ಬೀಗರನ್ನು ಬಾ ಅನ್ನದೆ ಇರಲಾದೀತೇ, “ಬರ್ರಿ” ಎಂದಳು, ಮೊರದಿಂದ ಕಣ್ಣೆತ್ತದೆ. ಗಾದಿಲಿಂಗ ಚಾಪೆ ಹಾಸಿದ. ಶಾಂತಕುಮಾರಿ ಒಳಬಾಗಿಲ ಚೌಕಟ್ಟು ಹಿಡಿದು ನಿಂತಳು, ಹೊಟ್ಟೆ ಆಗಲೇ ಕೆಳಗೆ ಇಳಿದಿತ್ತು.

ಬೊಮ್ಮಮ್ಮ ಕೂರಲಿಲ್ಲ. “ಬೀಗತಿ, ಎದ್ದು ಕೈ ತೊಳಕೊಂಡು ಬರ್ರಿ” ಎಂದಳು. ಮಾತು ತೊದಲುತ್ತಿತ್ತು, ಒಣಗಿದ ತುಟಿ ಒಂದಕ್ಕೊಂದು ಅಂಟುತ್ತಿತ್ತು.

“ನನಗ ಕೈ ತೊಳ್ಯಾಕ ಹೇಳಾಕ ಬಂದೀರೇನು?”

“ತೊಳಕೊಂಡು ಬಂದು ನಿಮ್ಮ ಬೆರಳು ನನ್ನ ನಾಲಿಗಿ ಮ್ಯಾಲೆ ಇಡ್ರಿ. ಒಣಗೈತೋ ಹಸಿ ಐತೋ ನೀವ ನೋಡ್ರಿ.”

ಗಾದಿಲಿಂಗ ತಲೆ ಕೆರೆದುಕೊಂಡ. “ಅತ್ತಿ, ಅದ್ಯಾವುದೋ ಮಿಷನ್ ತಂದಾರ ಅಂದ್ರಲ್ಲ, ಡಾಕ್ಟರು ಏನಂದ್ರು?”

“ಆ ಮಿಷನ್ನಿಗೇ ನನ್ನ ಬಾಯಿ ಸಾಕ್ಷಿ ಬೇಕಂತ ಗಾದಿಲಿಂಗ. ನಾನು ಇನ್ನ ಯಾರ್ನೂ ಕೇಳಂಗಿಲ್ಲ.” ಬೊಮ್ಮಮ್ಮ ಮೈಲವ್ವನ ಕಡೆ ತಿರುಗಿದಳು. “ಹಸಿ ಇತ್ತಂದ್ರ ನಿಮ್ಮ ಸೊಸಿನ ಇಲ್ಲೇ ಇಟ್ಕೊರಿ. ನಾನು ಈ ಹೊಸ್ತಿಲಾ ತುಳಿಯಂಗಿಲ್ಲ, ಕೂಸಿನ ಮುಖಾ ತೋರಸ್ರಿ ಅಂತಾನೂ ಕೇಳಂಗಿಲ್ಲ. ಒಣಗಿತ್ತಂದ್ರ ನನ್ನ ಮಗಳು ಈಗ ನನ್ನ ಕೂಡ ಬರ್ತಾಳ.”

“ಬೊಮ್ಮಿ” ಎಂದ ಹುಲುಗಣ್ಣ, ಮೆಲ್ಲಗೆ. ಅವಳು ಅವನ ಕಡೆ ನೋಡಲೇ ಇಲ್ಲ.

ಮೈಲವ್ವ ಮೊರವನ್ನು ಪಕ್ಕಕ್ಕಿಟ್ಟಳು. “ಮಂದಿ ಎಂಜಲಾಗ ಬೆರಳು ಇಡಾಕ ನನಗೇನು ಹೇಸಿಗಿ ಇಲ್ಲೇನು?”

“ಕರ್ಚಿಕಾಯಿ ತುರುಕುವಾಗ ಇದ ಬೆರಳು ನನ್ನ ಬಾಯಾಗ ಬಂದಿತ್ತು. ಅವತ್ತಿಲ್ಲದ ಹೇಸಿಗಿ ಇವತ್ತು ಯಾಕ? ಮತ್ತ ಎಂಜಲು ಅಂದ್ರಲ್ಲ, ಅದು ಐತೋ ಇಲ್ಲೋ ನೋಡ್ರಿ ಅನ್ನಾಕ ಬಂದೀನಿ.”

ಮೈಲವ್ವನೂ ಹಠದ ಹೆಂಗಸೇ, ಸವಾಲು ಹಾಕಿದರೆ ಹಿಂದೆ ಸರಿಯುವ ಜಾತಿಯಲ್ಲ. ಮೊಣಕಾಲಿಗೆ ಕೈಯೂರಿ ಎದ್ದಳು. ಬಚ್ಚಲಿಗೆ ಹೋಗಿ ಕೈ ತೊಳೆದು, ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಬಂದು ಎದುರು ನಿಂತಳು. ಬೊಮ್ಮಮ್ಮ ಅವಳ ಕಣ್ಣಲ್ಲಿ ಕಣ್ಣಿಟ್ಟು ಬಾಯಿ ತೆರೆದಳು. ಈ ಸಲ ಕಣ್ಣು ಮುಚ್ಚಲಿಲ್ಲ.

ಮೈಲವ್ವನ ತೋರುಬೆರಳು ನಾಲಿಗೆಯ ಮೇಲೆ ಕುಳಿತಿತು. ಮೊದಲು ಮುಟ್ಟಿಯೂ ಮುಟ್ಟದ ಹಾಗೆ, ಆಮೇಲೆ ಒತ್ತಿ. ನಾಲಿಗೆಯ ನಡುವಿನಲ್ಲಿ ಹಳೇ ಗಾಯದ ಹಾಗೆ ಸೀಳು ಬಿಟ್ಟಿತ್ತು. ಬೆರಳು ಸ್ವಲ್ಪ ಹಿಂದಕ್ಕೆ ಹೋಯಿತು, ಕೆನ್ನೆಯ ಒಳಗೋಡೆಗೆ ತಾಗಿತು, ನಾಲಿಗೆಯ ಅಡಿಗೂ ಹೋಗಿ ಬಂತು. ಅಷ್ಟು ಹೊತ್ತು ಹುಡುಕುವ ಅಗತ್ಯ ಇರಲಿಲ್ಲ, ಆದರೂ ಹುಡುಕಿತು.

ಒಳಗಿನ ಕೋಣೆಯಲ್ಲಿ ಶಾಂತಕುಮಾರಿ ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿಸಿತು. ಯಾರೂ ಆ ಕಡೆ ತಿರುಗಲಿಲ್ಲ. ಮೈಲವ್ವ ಬೆರಳು ಹೊರಗೆ ತೆಗೆದಳು. ಒರೆಸಿಕೊಳ್ಳಲು ಎಡಗೈಯಲ್ಲಿ ಸೆರಗು ಹಿಡಿದವಳು ಹಾಗೇ ನಿಂತು ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಹೆಬ್ಬೆರಳಿನಿಂದ ಅದನ್ನು ಒಮ್ಮೆ ತಿಕ್ಕಿದಳು, ಮತ್ತೊಮ್ಮೆ ತಿಕ್ಕಿದಳು. ಆಮೇಲೆ ಸೆರಗನ್ನು ಕೈಬಿಟ್ಟಳು.